ಮೊದಲ ತುತ್ತು ನನ್ನದು

ಜನವರಿ ೧೨, ಸೋಮವಾರ

ಅಖಂಡ ಪೇಷನ್ಸ್ ಹಿಲ್ ಮಂಡಲದ ಏಕಮಾತ್ರ ಸತ್ಯಭಂಡಾರವೂ, ಹಿಂಬದಿಯ ರಟ್ಟಿನಲ್ಲಿ ಹನ್ನೆರಡರ ಮಗ್ಗಿಯನ್ನು ಧರಿಸಿ ಕಂಗೊಳಿಸುವಂಥದ್ದೂ, ಒಂದು ಮೂಲೆಯನ್ನು ನಮ್ಮ ಆಡು ಸೆನೆಟರ್ ಈಗಾಗಲೇ ಸವಿದು ನೋಡಿರುವಂಥದ್ದೂ ಆದ ಪರಮಪೂಜ್ಯ ದಿನಚರಿ ಮಹಾಸನ್ನಿಧಾನಕ್ಕೆ, ತಮ್ಮ ಪಾದಧೂಳಿಯಾದ ತಮೋಯಾ ಎಂಬ ನಾನು ಸಾಷ್ಟಾಂಗ ಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ: ಈ ಪುಟಗಳಲ್ಲಿ ಸತ್ಯವನ್ನಲ್ಲದೆ ಬೇರೇನನ್ನೂ ಬರೆಯುವುದಿಲ್ಲ. ಬರೆದರೆ ನನ್ನ ನಾಲಿಗೆ ಹಸಿ ಮೆಣಸಿನಕಾಯಿ ಕಚ್ಚಿದ ಹಾಗೆ ಉರಿಯಲಿ.

ರಾಜ್ಯದ ಸ್ಥಿತಿಗತಿ ಹೀಗಿದೆ. ಅಜ್ಜಿಯನ್ನು ಕಳೆದ ವಾರ ಪಟ್ಟಣದ ಆಸ್ಪತ್ರೆಯಿಂದ ಮನೆಗೆ ತಂದೆವು. ಕರುಳಿನ ಗಡ್ಡೆಯನ್ನು ಕೊಯ್ದು ತೆಗೆದಿದ್ದಾರೆ. ಅಲ್ಲಿ ಇಲ್ಲಿ ಉಳಿದಿರಬಹುದಾದದ್ದನ್ನು ಸುಡಲು ಆಗಾಗ ಕರೆಸಿಕೊಂಡು ನರಕ್ಕೆ ಔಷಧಿ ಹನಿಸುತ್ತಾರೆ. ಮೊದಲನೆಯ ಸಲದ್ದು ಆಯಿತು. ಅದು ಗಡ್ಡೆಯನ್ನು ಏನು ಮಾಡಿತೋ ತಿಳಿಯದು, ಅಜ್ಜಿಯ ಹಸಿವನ್ನಂತೂ ಬುಡಸಮೇತ ಕಿತ್ತುಹಾಕಿತು. "ತೂಕ ಇನ್ನೂ ಇಳಿದ್ರೆ ಮುಂದಿನ ಸಲದ ಔಷಧಿ ಕೊಡೋಕಾಗಲ್ಲ, ಅವರ ಮೈ ತಡೆಯಲ್ಲ," ಎಂದರು ಡಾಕ್ಟರು. "ಕೊಡದಿದ್ರೆ?" ಎಂದೆ. ಅವರು ಮೇಲೆ ಫ್ಯಾನನ್ನು ನೋಡಿದರು. ನಾನೂ ನೋಡಿದೆ. ಅದು ತಿರುಗುತ್ತಿರಲಿಲ್ಲ.

ಅಮ್ಮ ಕೇಮನ್ ದ್ವೀಪದ ಹೋಟೆಲಿನಲ್ಲಿ ಹಾಸಿಗೆ ಹೊದಿಕೆ ಬದಲಿಸುವ ಕೆಲಸದಲ್ಲಿದ್ದಾಳೆ, ರಜೆ ಇಲ್ಲ. ಹೀಗಾಗಿ ಇಪ್ಪತ್ತು ವರ್ಷದ, ಊರಿಗೆಲ್ಲ ಕಿಡಿಗೇಡಿ ಎಂದು ಹೆಸರಾದ ನಾನೇ ರಾಜದಾದಿ. ಮಾರ್ಚ್‌ನಲ್ಲಿ ಪ್ರವಾಸಿ ಹಡಗು ಹತ್ತುತ್ತೇನೆ. ಊಟದ ಹಾಲಿನಲ್ಲಿ ತಟ್ಟೆ ಹೊರುವ ಕೆಲಸ ಖಾತ್ರಿಯಾಗಿದೆ. ಅಲ್ಲಿಯವರೆಗೆ ಮಾತ್ರ ಈ ಪದವಿ.

ಶುಭವಾರ್ತೆ: ಮೆಕ್ಕೆಜೋಳದ ಗಂಜಿ ಕಾಯಿಸಿ, ಜಾಯಿಕಾಯಿ ತುರಿದು, ಅಜ್ಜಿಯ ಮುಂದಿಟ್ಟು ನಾನು ರಸ್ತೆ ಬದಿಯ ಕೆಂಡದ ಕೋಳಿ ಅಂಗಡಿಗೆ ಗೆಳತಿಯರ ಜೊತೆ ಹೊರಟುಬಿಡುತ್ತೇನೆ. ಉಣ್ಣಲಾರದವರ ಎದುರು ಕೂತು ಉಣ್ಣುವುದು ನನಗೆ ಆಗದು. ತಿರುಗಿ ಬಂದಾಗ ಬಟ್ಟಲು ಖಾಲಿ! "ಚೆನ್ನಾಗಿ ತಿಂತಿದಾಳೆ" ಎಂದು ಅಮ್ಮನಿಗೆ ತಿಳಿಸಿದ್ದೇನೆ.

ಜನವರಿ ೧೫, ಗುರುವಾರ

ಮಹಾಸನ್ನಿಧಾನವೇ, ರಾಜದ್ರೋಹ ಬಯಲಾಗಿದೆ.

"ಅಜ್ಜಿ, ಸೆನೆಟರ್ ದಪ್ಪ ಆಗ್ತಿದಾನೆ."

"ಆಗ್ಲಿ ಬಿಡು. ದೇವರ ದಯೆ."

"ದೇವರ ದಯೆ ಜಾಯಿಕಾಯಿ ವಾಸನೆ ಹೊಡೀತಿದೆ. ಮೂತಿ ತುಂಬಾ ಗಂಜಿ ಮೆತ್ಕೊಂಡು ನಿನ್ನ ಕಿಟಕಿ ಕೆಳಗೇ ನಿಂತಿದಾನೆ."

ಅಜ್ಜಿ ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. "ಬಾಯಿಗಿಟ್ರೆ ಕಬ್ಬಿಣ ನೆಕ್ಕಿದ ಹಾಗಾಗುತ್ತೆ ಕಣೆ. ಕಷ್ಟಪಟ್ಟು ಮಾಡಿರ್ತೀಯ. ಬೈತೀಯ ಅಂತ..."

ಇವಳು ಯಾರು ಗೊತ್ತೇ? ಚರ್ಚಿನ ಮುಂದಿನ ಬೆಂಚಿನಲ್ಲಿ ಬಿಳಿ ಟೋಪಿ ಹಾಕಿ ಕೂರುವ, ಹಿರಿಯಳೆಂದು ಸಭೆಯೆಲ್ಲ 'ಮದರ್' ಎನ್ನುವ ಮದರ್ ಯುಫೀಮಿಯಾ. ಉಪದೇಶ ಉದ್ದವಾದರೆ ಇವಳು ಒಮ್ಮೆ ಕೆಮ್ಮಿದರೆ ಸಾಕು, ಪಾಸ್ಟರ್ ಬಕ್ನರ್ ಪುಟ ಮಗುಚುತ್ತಾರೆ. ಅಂಥವಳು ನನಗೆ ಹೆದರಿ ಗಂಜಿಯನ್ನು ಆಡಿಗೆ ಸುರಿದಿದ್ದಾಳೆ.

ನಾನು ಇಲ್ಲೊಂದು ನಗೆಮಾತು ಹೇಳಬೇಕಿತ್ತು. ಸೆನೆಟರನ ಮೂತಿ ಒರೆಸಲು ಹೋದೆ.

ಜನವರಿ ೧೯, ಸೋಮವಾರ

ಮನೆ ಹಿಂದಿನ ಕೊರಕಲು ದಾಟಿ ಚಿಕ್ಕಜ್ಜನ ಹಿತ್ತಲಿಗೆ ಹೋಗಿದ್ದೆ. ರಾಸ್ ಮಲಾಕಿ, ನನ್ನ ತೀರಿಹೋದ ಅಜ್ಜನ ತಮ್ಮ. ಚರ್ಚು ಬಿಟ್ಟು ರಾಸ್ತಾ ಪಂಥ ಸೇರಿದವನು, ಜಡೆಗಳು ಸೊಂಟಕ್ಕೆ ಬರುತ್ತವೆ. ಗಾಂಜಾ ಬೆಳೆಯುತ್ತಾನೆ, ಲೈಸೆನ್ಸು ಗೋಡೆಗೆ ತೂಗುಹಾಕಿದ್ದಾನೆ. ಅಜ್ಜನನ್ನು ಮಣ್ಣು ಮಾಡಿದ ದಿನ ಚರ್ಚಿನವರು ಹಾಡುತ್ತಿರುವಾಗ ಇವನು ಡ್ರಮ್ಮು ತಂದು ಬಾರಿಸಿದ. ಅವತ್ತೇ ಅಜ್ಜಿ, "ನನ್ನ ಗೇಟು ದಾಟಬೇಡ" ಎಂದಳು. ಇವನು ದಾಟಿಲ್ಲ. ದಿನಾ ರಸ್ತೆಯಲ್ಲಿ ನಿಂತು, "ಅತ್ತಿಗೇ, ಬದುಕಿದೀಯಾ?" ಎಂದು ಕೂಗುತ್ತಾನೆ. ಅಜ್ಜಿ ಆಡಿಗೆ ಹೇಳುತ್ತಾಳೆ: "ಸೆನೆಟರ್, ರಸ್ತೇಲಿ ಯಾರೋ ಬಂದಿದಾರೆ. ನಾನು ಮನೇಲಿಲ್ಲ ಅಂತ ಹೇಳು." ಅದು ಅವರಿಬ್ಬರ ಸಂಭಾಷಣೆ.

ಅಲ್ಲಿ ಮಿಸ್ ಡೇಕರ್ಸ್ ಇದ್ದರು. ನಮ್ಮೂರ ಶಾಲೆಯಲ್ಲೇ ಓದಿದವರು, ಈಗ ರಾಜಧಾನಿ ಕಿಂಗ್‌ಸ್ಟನ್ನಿನ ಪ್ರಯೋಗಾಲಯದಲ್ಲಿ ಗಾಂಜಾ ಸೊಪ್ಪಿನಲ್ಲಿ ಏನೇನಿದೆ ಎಂದು ಪರೀಕ್ಷಿಸುತ್ತಾರೆ. ಬೆಳೆಗಾರರಿಂದ ಮಾದರಿ ಒಯ್ಯಲು ಬಂದಿದ್ದರು. ಅಜ್ಜಿಯ ಕತೆ ಹೇಳಿದೆ.

"ಗಾಂಜಾ ಅಂದ್ರೆ ಅಮಲು ಒಂದೇ ಅಲ್ಲ ತಮೋಯಾ. ಅದರಲ್ಲಿ ನೂರಾರು ಸತ್ವ ಇದೆ. ಸಿಬಿಜಿ ಅಂತ ಒಂದಿದೆ, ಹೆಚ್ಚು ಜನಕ್ಕೆ ಅದರ ಹೆಸರೇ ಗೊತ್ತಿಲ್ಲ. ಅಮಲೇರಿಸಲ್ಲ. ಇಲಿಗಳಿಗೆ ಕೊಟ್ಟು ನೋಡಿದಾಗ ಅವು ಜಾಸ್ತಿ ತಿಂದವು. ಮನುಷ್ಯರ ವಿಷಯ ಇನ್ನೂ ಸರಿಯಾಗಿ ಗೊತ್ತಿಲ್ಲ, ನಾನು ಭರವಸೆ ಕೊಡಲ್ಲ. ಮೊದಲು ಡಾಕ್ಟರನ್ನ ಕೇಳು. ಆಮೇಲೆ ಅದು ಸಿಗೋದು ಎಳೆ—"

"ಜಾಸ್ತಿ ತಿಂದವು" ಎಂಬಲ್ಲಿಗೆ ಚಿಕ್ಕಜ್ಜ ಎದ್ದು ಹೂವು ಒಣಗಿಸುವ ಕೋಣೆಗೆ ಹೋಗಿಯಾಗಿತ್ತು. ನಾನು ಅವನ ಹಿಂದೆ ಓಡಿಯಾಗಿತ್ತು.

"ಅತ್ತಿಗೆಗೆ ಕೊಡೋದು ಅಂದ್ರೆ ಕಂಡಿದ್ದೆಲ್ಲಾ ಕೊಡೋಕಾಗುತ್ತಾ? ಇಡೀ ಗುಡ್ಡದಲ್ಲಿ ಇದರಷ್ಟು ಮಾಗಿದ ಹೂವು ಇಲ್ಲ ನೋಡು," ಎಂದ. ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಬಾಟಲಿಗೆ ತುಂಬಿಕೊಟ್ಟ. ಪವಿತ್ರ ತೀರ್ಥ ಹಿಡಿದವಳಂತೆ ನಡೆದುಬಂದೆ.

ಜನವರಿ ೨೧, ಬುಧವಾರ

ಸಂಧಾನ.

"ಗಾಂಜಾ? ಈ ಮನೇಲಿ? ನನ್ನ ಹೆಣ ಬೀಳಬೇಕು."

"ಮತ್ತೆ ಬೈಬಲ್ ಹಿಂದೆ ರಮ್ಮಿನ ಬಾಟಲಿ ಇದೆಯಲ್ಲ, ಅದರಲ್ಲಿ ಸೊಪ್ಪು ನೆನೀತಾ ಇದೆಯಲ್ಲ?"

"ಅದು ಮಂಡಿಗೆ ಉಜ್ಜೋದು."

"ಸೊಪ್ಪು ಯಾವುದು?"

"ಸೊಪ್ಪು ಬಣ್ಣಕ್ಕೆ."

ಪೇಷನ್ಸ್ ಹಿಲ್ಲಿನ ಸಮಸ್ತ ಅಜ್ಜಿಯರೂ ತಮ್ಮ ಮಂಡಿಗಳಿಗೆ ಬಣ್ಣ ಬಳಿದುಕೊಳ್ಳುತ್ತಾರೆ ಎಂಬುದನ್ನು ಸನ್ನಿಧಾನವು ದಾಖಲಿಸಿಕೊಳ್ಳಬೇಕು.

ಇಲಿಗಳ ಕತೆ ಹೇಳಿದೆ. "ಅಂದ್ರೆ ನಾನು ಇಲಿ," ಎಂದಳು. ಆಮೇಲೆ, "ತಲೆ ತಿರುಗಲ್ಲ ತಾನೆ? ಆಣೆ ಮಾಡು," ಎಂದಳು. ಬೈಬಲ್ ಮುಟ್ಟಿ, ಬಲಗೈ ಎತ್ತಿ, ನ್ಯಾಯಾಧೀಶರ ಗಂಟಲಿನಲ್ಲಿ ಆಣೆ ಮಾಡಿದೆ. ಡಾಕ್ಟರನ್ನು ಕೇಳುವುದು? ಹೋದಾಗ ಕೇಳಿದರಾಯಿತು.

ಜನವರಿ ೨೫, ಭಾನುವಾರ

ಹೇಗೆ ಬರೆಯಲಿ! ಬೆಳಿಗ್ಗೆ ಅಜ್ಜಿ ಒಂದು ಚಮಚ ಎಣ್ಣೆ ನುಂಗಿ, ಬಿಳಿ ಟೋಪಿ ಇಟ್ಟು, ನನ್ನ ತೋಳು ಹಿಡಿದು ಚರ್ಚಿಗೆ ಬಂದಳು. ಪಾಸ್ಟರ್ ಬಕ್ನರ್ ಬೈಬಲ್ಲಿನ ಕತೆಯಲ್ಲಿ ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಸಮಾಧಿಯಿಂದ ಎಬ್ಬಿಸುತ್ತಿದ್ದರು. "ಲಾಜರನೇ, ಹೊರಗೆ ಬಾ!" ಎಂದು ಗುಡುಗಿದರು. ಮುಂದಿನ ಬೆಂಚಿನಿಂದ ಕಿಸಕ್ ಎಂದು ಸದ್ದು ಬಂತು.

"ಪಾಪ, ನಾಲ್ಕು ದಿನದಿಂದ ಹೊಟ್ಟೆಗಿಲ್ಲ," ಅಜ್ಜಿಯ ದನಿ. "ಮೊದ್ಲು ಅವನಿಗೆ ಒಂದು ಬಟ್ಲು ಸೂಪ್ ಕೊಡಿ ಪಾಸ್ಟರ್!"

ಸಭೆ "ಆಮೆನ್" ಎಂದಿತು. ಪ್ರವಾದನೆ ಎಂದುಕೊಂಡಿತು. ಅಜ್ಜಿ ಎದ್ದು ಪಕ್ಕದವಳ ಕೈಯಿಂದ ಟ್ಯಾಂಬೊರಿನ್ ಎಂಬ ಖಂಜರಿ ಕಿತ್ತುಕೊಂಡು ಎದೆಗವಚಿ ಕೂತಳು, ಹಿಂದಿರುಗಿಸಲೇ ಇಲ್ಲ. ಪಾಸ್ಟರರ ಟೈ ನೋಡಿ, "ಥೇಟ್ ಒಣಮೀನು," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಬೆಂಚಿನ ಕೆಳಗೆ ಬಿದ್ದ ನಾಣ್ಯ ಹುಡುಕುವವಳಂತೆ ಅಲ್ಲೇ ಕೂತು ನಕ್ಕೆ. ಮನೆಗೆ ಬಂದು ಹುರಿದ ಮೀನು ಅರ್ಧ ತಿಂದಳು. ಬೆರಳು ನೆಕ್ಕಿಕೊಂಡು! ವಿಜಯ! ತುತ್ತೂರಿ! ಆಮೇಲೆ ಟ್ಯಾಂಬೊರಿನ್ ಅಪ್ಪಿಕೊಂಡೇ ನಿದ್ದೆಹೋದಳು.

ಜನವರಿ ೨೬, ಸೋಮವಾರ

ಎದ್ದಳು. ನೆನಪಾಯಿತು.

"ಆ ಬೆಂಚಿನ ಮೇಲೆ ಮದುವೆಗೆ ಮುಂಚಿನಿಂದ ಕೂತಿದೀನಿ. ಈ ಮೈ ಕೈಬಿಟ್ಟು ಹೋಗ್ತಿದೆ, ಗೊತ್ತು. ತಲೆ ಒಂದು ನನ್ನದು ಅಂತ ಉಳಿದಿತ್ತು. ಅದನ್ನೂ ನೀನು ಆಟಕ್ಕೆ ತಗೊಂಡೆ."

ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಜನವರಿ ೨೭, ಮಂಗಳವಾರ

ಮಾತಿಲ್ಲ. ನೀರು ಕುಡಿದಳು.

ಜನವರಿ ೨೯, ಗುರುವಾರ

ಆಸ್ಪತ್ರೆ. ತೂಕ ಇಳಿದಿದೆ. ಔಷಧಿ ಮುಂದಕ್ಕೆ ಹಾಕಿದರು. ಏನಾದರೂ ಬೇರೆ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಹೇಳಿದೆ, ಎಲ್ಲವನ್ನೂ, ಟ್ಯಾಂಬೊರಿನ್ ಸಮೇತ. ಅವರು ನಗಲಿಲ್ಲ.

"ನನಗೆ ಗೊತ್ತಿಲ್ಲದೆ ಏನೂ ಕೊಡಬೇಡ. ಎಷ್ಟೋ ಔಷಧಿ ಒಂದಕ್ಕೊಂದು ಹೊಡೆದಾಡ್ತವೆ. ಆ ಸಿಬಿಜಿ ಹೇಳಿದೆಯಲ್ಲ, ಅದೊಂದೇ ಇರೋದು, ಅಳತೆ ಗೊತ್ತಿರೋದು, ಪರೀಕ್ಷೆ ಆಗಿರೋದು ಸಿಕ್ಕಿದ್ರೆ ತಂದು ತೋರ್ಸು. ಕೊಡಬಹುದಾ ಅಂತ ಆಗ ನೋಡೋಣ. ಪವಾಡ ಕಾಯಬೇಡ."

ಟ್ಯಾಕ್ಸಿಯಲ್ಲಿ ಅಜ್ಜಿಯ ತಲೆ ನನ್ನ ಭುಜಕ್ಕೆ ಬಿತ್ತು. ಎಷ್ಟು ಹಗುರ! ಮನೆ ತಲುಪಿದ ಮೇಲೆ ಮೂರು ದಿನಗಳ ಮೌನ ಮುರಿದು ತೀರ್ಪು ಕೊಟ್ಟಳು: "ಇನ್ಮೇಲೆ ನಿನ್ನ ಕೈಯಿಂದ ಬಂದಿದ್ದು ಏನೇ ಇರ್ಲಿ, ನನ್ನೆದುರಿಗೆ ಮೊದ್ಲು ನೀನು ತಿನ್ನಬೇಕು. ನಿನ್ನ ಕಣ್ಣು ಕೆಂಪಾಗಲಿಲ್ಲ ಅಂದ್ರೆ ಆಮೇಲೆ ನೋಡೋಣ."

ಫೆಬ್ರವರಿ ೧, ಭಾನುವಾರ

ಪುರಾತನ ಕಾಲದ ಚಕ್ರವರ್ತಿಗಳಿಗೆ ವಿಷಪರೀಕ್ಷಕರಿರುತ್ತಿದ್ದರಂತೆ. ಆ ಮಹಾಪರಂಪರೆಯ ಕಡೆಯ ಕುಡಿ ನಾನು.

ವಿಧಾನ ಹೀಗೆ: ಒಂದು ತಟ್ಟೆ, ಎರಡು ಚಮಚ. ಮೊದಲ ತುತ್ತು ನನ್ನದು. ಅಜ್ಜಿ ಕೈಕಟ್ಟಿ ನನ್ನ ಕಣ್ಣನ್ನೇ ದಿಟ್ಟಿಸುತ್ತಾಳೆ. ಸುಮ್ಮನೆ ದಿಟ್ಟಿಸಿಕೊಂಡು ಕೂರುವುದು ಇಬ್ಬರಿಗೂ ಕಷ್ಟ, ಹಾಗಾಗಿ ಊರ ಸುದ್ದಿ ಹೇಳುತ್ತೇನೆ. ಇವತ್ತು ಅಂಚೆ ಕಚೇರಿಯ ಮಿಸ್ ಹೆಪ್ಜಿಬಾಳ ಹೊಸ ಹಲ್ಲುಸೆಟ್ಟು ಹಾಡುವಾಗ ಜಾರಿದ್ದನ್ನು ನಟಿಸಿ ತೋರಿಸಿದೆ. ಅಜ್ಜಿಯ ತುಟಿ ಅಲ್ಲಾಡಿತು. ತಕ್ಷಣ ಸಿಟ್ಟು ಜ್ಞಾಪಕ ಬಂದು ಬಿಗಿದುಕೊಂಡಳು. ಎರಡು ಚಮಚ ಗಂಜಿ ಒಳಗೆ ಹೋಯಿತು. ಸೆನೆಟರ್ ಕಿಟಕಿಯ ಕೆಳಗೆ ನಿಂತು ಪ್ರತಿಭಟಿಸಿದ.

ಕೆಂಡದ ಕೋಳಿಗೆ ಹೋಗಲು ಹೊತ್ತು ಸಿಗಲಿಲ್ಲ.

ಫೆಬ್ರವರಿ ೩, ಮಂಗಳವಾರ

ಮಿಸ್ ಡೇಕರ್ಸ್ ಕಿಂಗ್‌ಸ್ಟನ್ನಿನಿಂದ ಬಂದು, ನಾನು ಪರೀಕ್ಷೆಗೆ ಕಳಿಸಿದ್ದ ಎಣ್ಣೆ ಬಾಟಲಿಯ ಜಾತಕ ಓದಿದರು. ಅದರಲ್ಲಿ ಅಮಲು ತುಂಬಿತ್ತು, ಸಿಬಿಜಿ ಇರಲಿಲ್ಲ ಎನ್ನುವಷ್ಟು ಕಡಿಮೆ.

"ನಾನು ಹೇಳೋದು ಮುಗಿಯೋ ಮುಂಚೆ ಇಬ್ರೂ ಓಡಿದ್ರಲ್ಲ," ಎಂದರು. "ಸಿಬಿಜಿ ಅನ್ನೋದು ತಾಯಿ ಇದ್ದ ಹಾಗೆ. ಎಳೆ ಗಿಡದಲ್ಲಿ ಮೊದಲು ಇರೋದು ಅದರ ಮೂಲವೇ. ಗಿಡ ಬಲೀತಾ ಬಲೀತಾ ಅದು ತನ್ನನ್ನೇ ಮಕ್ಕಳಿಗೆ ಹಂಚಿಬಿಡುತ್ತೆ. ಅಮಲಿನದೂ ಅದರ ಮಗುನೇ. ಮಾಗಿದ ಹೂವಿನಲ್ಲಿ ಮಕ್ಕಳೆಲ್ಲಾ ಇರ್ತಾರೆ, ತಾಯಿ ಮುಗಿದುಹೋಗಿರ್ತಾಳೆ. ನೀವು ಮಾಗಿದ್ದನ್ನೇ ಹುಡುಕಿ ಹುಡುಕಿ ಕೊಟ್ರಿ."

ಚಿಕ್ಕಜ್ಜನ ಮುಖ ನೋಡಬೇಕಿತ್ತು. ಅವನು ಎಂದೂ ಎಳೆ ಗಿಡಕ್ಕೆ ಕತ್ತರಿ ತಾಗಿಸಿದವನಲ್ಲ. ಅವಸರಕ್ಕೆ ಬಿದ್ದು ಹಸಿರಾಗಿರುವಾಗಲೇ ಕೊಯ್ಯುವವರನ್ನು ಕಳ್ಳರು ಎಂದು ಕರೆಯುತ್ತಾನೆ. ಹೂವು ತಾನಾಗಿ ಕಂದು ತಿರುಗುವವರೆಗೆ ದಿನಾ ಸಾಲುಗಳ ನಡುವೆ ನಡೆದು ಗಿಡಗಳ ಜೊತೆ ಮಾತಾಡುತ್ತಾನೆ.

"ಒಂದು ಸಣ್ಣ ಬಾಟಲಿಗೆ ಎಷ್ಟು ಗಿಡ ಬೇಕು?" ಎಂದೆ.

"ಈ ತಳಿಯಲ್ಲಿ? ಎಳೆಯದ್ರಲ್ಲೂ ಸ್ವಲ್ಪವೇ ಇರೋದು. ಈಗ ಹೂವು ಬಿಡ್ತಿರೋ ಸಾಲು ಪೂರ್ತಿ ಬೇಕಾಗಬಹುದು. ಅಮಲು ತೆಗೆದು ಶುದ್ಧ ಮಾಡೋದು ನನ್ನ ಕೆಲಸ."

ಚಿಕ್ಕಜ್ಜ ಟೋಪಿ ಎಳೆದುಕೊಂಡ. "ಹಸುಗೂಸು ಕೊಯ್ಯು ಅಂತಿದೀರಿ ನನಗೆ. ಆಗಲ್ಲಮ್ಮ. ನನ್ನ ಕೈಲಿ ಅದೊಂದು ಆಗಲ್ಲ." ಎದ್ದು ಹೋದ.

ಹಡಗಿನವರಿಂದ ತಾರೀಖು ಬಂದಿದೆ: ಮಾರ್ಚ್ ೧೪. ಹಸಿರು ಬಾಳೆಕಾಯಿ ಬೇಯಿಸಿದೆ, ಉಪ್ಪು ಹೆಚ್ಚಾಯಿತು. ಅಜ್ಜಿ ಮೂರು ಚಮಚ, ಉಳಿದದ್ದು ನಾನು.

ಫೆಬ್ರವರಿ ೧೦, ಮಂಗಳವಾರ

ಬೆಳಿಗ್ಗೆ ರಸ್ತೆಯಿಂದ ಕೂಗು ಬರಲಿಲ್ಲ. ಅಜ್ಜಿ ಎರಡು ಸಲ ಕಿಟಕಿ ನೋಡಿದಳು. "ಸೆನೆಟರ್ ಯಾಕೆ ಸುಮ್ನಿದಾನೆ?" ಎಂದಳು, ಸೆನೆಟರನಿಗೂ ಇದಕ್ಕೂ ಸಂಬಂಧವಿದ್ದಂತೆ.

ಮಧ್ಯಾಹ್ನ ಚಿಕ್ಕಜ್ಜ ಗೇಟಿನ ಹೊರಗೆ ನಿಂತಿದ್ದ. ಭುಜದ ಮೇಲೆ ಗೋಣಿತಟ್ಟು ಸುತ್ತಿದ ದೊಡ್ಡ ಕಟ್ಟು, ಎಳೆ ಹಸಿರು ಇಣುಕುತ್ತಿತ್ತು. ಟೋಪಿ ತೆಗೆದ. ಜಡೆಗಳು ದೊಪ್ಪನೆ ಬಿದ್ದವು.

"ಅತ್ತಿಗೆ."

ಅಜ್ಜಿ ಜಗುಲಿಯ ಕುರ್ಚಿಯಲ್ಲಿದ್ದಳು. ಆಡಿನ ಕಡೆ ತಿರುಗಿದಳು. ಆಡು ಊಟಕ್ಕೆ ಹೋಗಿತ್ತು. ಬೇರೆ ದಾರಿ ಕಾಣದೆ, "ಏನು?" ಎಂದಳು.

"ಚರ್ಚಲ್ಲಿ ಆಗಿದ್ದಕ್ಕೆ ಹುಡುಗೀನ ಬೈಬೇಡ. ತಪ್ಪು ನನ್ನದು. ನನ್ನ ಹೂವಿನ ಜಂಭಕ್ಕೆ ಮಾಗಿದ್ದನ್ನ ಕೊಟ್ಟೆ. ಬೇಕಾಗಿದ್ದಿದ್ದು ಎಳೇದಂತೆ. ಕೊಯ್ದು ತಂದೆ. ಮಿಸ್ ಡೇಕರ್ಸ್ ಸಂಜೆ ಬಂದು ಒಯ್ತಾರೆ. ನೀನು ನೋಡ್ಕೊಂಡ್ರೆ ಸಾಕು, ಇದರಲ್ಲಿ ಬೇರೆ ಏನೂ ಸೇರಿಲ್ಲ ಅಂತ."

"ಸಾಲು ಪೂರ್ತಿನಾ?"

"ಪೂರ್ತಿ."

"ಅಷ್ಟುದ್ದದ್ದು? ಮಲಾಕಿ, ನಿಂಗೆ ಬುದ್ಧಿ ಇದೆಯೇನೋ?"

"ಇದ್ದಿದ್ರೆ ಅವತ್ತು ಡ್ರಮ್ ತರ್ತಿದ್ನಾ?"

ಅಜ್ಜಿ ಆ ಹಸಿರನ್ನು ನೋಡಿದಳು. "ತಾನು ಮುಗಿದುಹೋಗಿ ಮಕ್ಕಳಿಗೆ ಹಂಚೋ ತಾಯಿ ಅಂತೆ," ಎಂದಳು, ನಾನು ಹೇಳಿದ್ದ ಕತೆ ನೆನೆದು. "ಎಲ್ಲಾ ಕಡೆ ಅದೇ ಕತೆ." ಆಮೇಲೆ ನನ್ನ ಕಡೆ: "ಬಿಸಿಲಲ್ಲಿ ನಿಲ್ಸಿದೀಯಲ್ಲ, ಗೇಟು ತೆಗಿ."

ಗೇಟಿಗೆ ಚಿಲಕವೇ ಇರಲಿಲ್ಲ. ಆದರೂ ನಾನು ಅರಮನೆಯ ಬಾಗಿಲು ತೆಗೆಯುವವಳಂತೆ ಬಾಗಿ ತೆಗೆದೆ. ಇಬ್ಬರೂ ನನ್ನತ್ತ ನೋಡಲಿಲ್ಲ. ಒಳ್ಳೆಯ ಅಭಿನಯ ವ್ಯರ್ಥವಾಯಿತು.

ಫೆಬ್ರವರಿ ೧೮, ಬುಧವಾರ

ಹನಿಬಾಟಲಿ ಬಂತು. ಹೆಬ್ಬೆರಳಿನಷ್ಟು. ಒಂದು ಸಾಲು ಗಿಡ ಇದರೊಳಗಿದೆ ಎಂದರೆ ನಂಬುವುದು ಕಷ್ಟ. ಡಾಕ್ಟರಿಗೆ ಪರೀಕ್ಷೆಯ ವಿವರ ತೋರಿಸಿ ಒಪ್ಪಿಗೆ ಪಡೆದದ್ದಾಯಿತು. ಎಷ್ಟು ಹನಿ ಎಂದೂ ಅವರೇ ಹೇಳಿದರು.

ಈಗ ಸಮಸ್ಯೆ: ಮೊದಲು ಯಾರು? ಆಸ್ಥಾನದ ವಿಷಪರೀಕ್ಷಕಿ ನಾನು ಬಾಯಿ ತೆರೆದೆ.

"ನೀನು ಬೇಡ," ಎಂದಳು ಅಜ್ಜಿ. "ಅಮಲಿಲ್ಲದೇ ಇದ್ರೂ ಹಿಂಗಾಡ್ತೀಯ. ನಿನ್ನ ನೋಡಿ ಏನು ಗೊತ್ತಾಗುತ್ತೆ? ಮಲಾಕಿ, ನೀನು ತಗೋ."

"ಅತ್ತಿಗೆ, ನನ್ನ ಪೈಪು ನಿನ್ನ ಮದುವೆಗಿಂತ ಹಳೇದು. ನನ್ನ ನೋಡಿ ಏನು ಗೊತ್ತಾಗುತ್ತೆ?"

"ಪೈಪು ಮುಟ್ಟದೆ ನಾಳೆ ಬೆಳಿಗ್ಗೆ ಬಾ. ಹನಿ ಬಿಟ್ಕೊಂಡು ನನ್ನೆದುರು ಕೂತು ಬೈಬಲ್ಲಿನ ಕೀರ್ತನೆ ಒಪ್ಪಿಸು. ಒಂದಕ್ಷರ ತಪ್ಪಿದ್ರೆ ಬಾಟಲಿ ಕೊರಕಲಿಗೆ."

ಫೆಬ್ರವರಿ ೧೯, ಗುರುವಾರ

ಬಂದ. ನಾಲಿಗೆ ಕೆಳಗೆ ಹನಿ ಬಿಟ್ಟುಕೊಂಡ. ಜಗುಲಿಯಲ್ಲಿ ಮೂವರೂ ಸುಮ್ಮನೆ ಕೂತೆವು, ಬಿಸಿಲು ಮೆಟ್ಟಿಲು ಹತ್ತಿ ಬರುವವರೆಗೆ. ಆಮೇಲೆ ಅವನು ಕಣ್ಣು ಮುಚ್ಚಿ ಒಂದು ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ತಡವರಿಸಲಿಲ್ಲ. ಅಜ್ಜಿಯ ತುಟಿಗಳೂ ಜೊತೆಗೆ ಆಡುತ್ತಿದ್ದವು.

"ಚರ್ಚು ಬಿಟ್ಟೋನು ಇದನ್ನ ಯಾಕೆ ಇಟ್ಕೊಂಡಿದೀಯ?"

"ಚರ್ಚು ಬಿಟ್ಟೆ ಅತ್ತಿಗೆ. ಇದನ್ನ ಎಲ್ಲಿ ಬಿಟ್ಟೆ?"

ಅಜ್ಜಿ ಬಾಯಿ ತೆರೆದಳು. ನಾನು ಹನಿ ಬಿಟ್ಟೆ. ಆಮೇಲೆ ನಾವಿಬ್ಬರೂ ಅವಳನ್ನು ಅಡುಗೆ ಒಲೆಯ ಮೇಲಿನ ಹಾಲನ್ನು ನೋಡುವಂತೆ ನೋಡಿದೆವು. ಅವಳು ನಗಲಿಲ್ಲ, ಟ್ಯಾಂಬೊರಿನ್ ಕೇಳಲಿಲ್ಲ. "ಕಣ್ ಬಿಟ್ಕೊಂಡು ಏನ್ ನೋಡ್ತೀರ? ಇಲಿ ಕಂಡಿಲ್ವಾ?" ಎಂದಳು.

ಹಸಿವು? ಇಲ್ಲ. ಒಂದು ದಿನದಲ್ಲಿ ಏನಾಗುತ್ತದೆ!

ಫೆಬ್ರವರಿ ೨೬, ಗುರುವಾರ

ಸನ್ನಿಧಾನ ಕ್ಷಮಿಸಬೇಕು, ಪುರುಸೊತ್ತಿರಲಿಲ್ಲ. ತೆಂಗಿನಹಾಲಿನಲ್ಲಿ ಬಂಗುಡೆ ಬೇಯಿಸುವುದು ಕಲಿಯುತ್ತಿದ್ದೇನೆ. ಗುರುಗಳು ಹಾಸಿಗೆಯಿಂದಲೇ ಕೂಗುತ್ತಾರೆ.

"ಹಾಲು ಒಡೀತಾ?"

"ಒಡೀತು!"

"ಎಣ್ಣೆ ಬಿಡ್ತಾ?"

"ಬಿಟ್ಟಿಲ್ಲ!"

"ಮತ್ಯಾಕೆ ಮೀನು ಹಾಕ್ದೆ?"

"ಹಾಕಿಲ್ಲ!"

"ಹಾಕಿದೀಯ, ವಾಸನೆ ಬಂತು."

ವಾಸನೆ ಬಂತು! ಮಹಾಸನ್ನಿಧಾನವೇ, ಗಮನಿಸಬೇಕು: ಈ ಹೆಂಗಸಿಗೆ ಜನವರಿಯಲ್ಲಿ ಎಲ್ಲವೂ ಕಬ್ಬಿಣವಾಗಿತ್ತು. ಇವತ್ತು ಸುಟ್ಟ ದೀವಿಹಲಸಿನ ಒಂದು ಹೋಳು, ಮೇಲೆ ಎರಡು ಚಮಚ ಗೊಜ್ಜು. ಮೊದಲ ತುತ್ತು ನನ್ನದು, ನಿಯಮದಂತೆ. ಇತ್ತೀಚೆಗೆ ನನ್ನ ಕಣ್ಣು ಕೆಂಪಾಯಿತೇ ಎಂದು ಅವಳು ನೋಡುವುದೇ ಇಲ್ಲ. ನಿಯಮ ರದ್ದಾಯಿತೇ ಎಂದು ಕೇಳೋಣವೆಂದುಕೊಂಡೆ, ಮರೆತೆ.

ನನ್ನ ಸ್ಕರ್ಟಿನ ಜಿಪ್ಪು ಏನೋ ತೊಂದರೆ ಕೊಡುತ್ತಿದೆ. ಒಗೆದಾಗ ಕುಗ್ಗಿರಬೇಕು.

ಮಾರ್ಚ್ ೫, ಗುರುವಾರ

ತೂಕ ಏರಿದೆ! ಬಹಳವಲ್ಲ, ಒಂದು ಕೋಳಿಮರಿಯಷ್ಟು. ಸಾಕಂತೆ. ಔಷಧಿ ಹನಿಸಿದರು. ಹನಿಸುವಷ್ಟೂ ಹೊತ್ತು ಅವಳ ಪಕ್ಕ ಕೂತು, ಪಾಸ್ಟರ್ ಬಕ್ನರ್ ಒಣಮೀನಿನ ಟೈ ಹಾಕುವುದನ್ನು ಬಿಟ್ಟಿದ್ದಾರೆ ಎಂಬ ಸುದ್ದಿ ಹೇಳಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಈ ಸಲ ತನ್ನದೇ ತಲೆಯಿಂದ.

"ಹನಿಯಿಂದಲೇ ಅಲ್ವಾ ಡಾಕ್ಟರ್?" ಎಂದೆ.

"ಇರಬಹುದು. ಮೊದಲ ಔಷಧಿಯ ಕಾಟ ಇಳಿದಿದ್ದೂ ಇರಬಹುದು. ಒಬ್ಬರಿಂದ ಏನೂ ಹೇಳೋಕಾಗಲ್ಲ. ತಿಂತಿದಾರಲ್ಲ, ಬಿಡಬೇಡ."

ವಿಜ್ಞಾನಿಗಳಿಗೆ ಸಂಭ್ರಮಪಡುವುದು ಬರುವುದಿಲ್ಲ. ನಾನು ಅವರ ಪರವಾಗಿ ಆಸ್ಪತ್ರೆಯ ಅಂಗಳದಲ್ಲಿ ಕುಣಿದೆ. ಕಾವಲುಗಾರ ಗದರಿದ.

ಮಾರ್ಚ್ ೮, ಭಾನುವಾರ

ವಾಂತಿ. ಮತ್ತೆ ಗೋಡೆಯ ಕಡೆ ಮುಖ. ಹನಿ ಕೊಟ್ಟೆ. ಊಟದ ಹೊತ್ತಿಗೆ ತಟ್ಟೆ ತಂದು ಮೊದಲ ತುತ್ತು ತಿಂದು ಕೂತೆ. ತಿನ್ನಲಿಲ್ಲ. ರಾತ್ರಿಗೂ ಕೂತೆ.

ಮಾರ್ಚ್ ೧೧, ಬುಧವಾರ

ಒಂದು ಚಮಚ.

ಮಾರ್ಚ್ ೧೪, ಶನಿವಾರ

ಯಾವುದೋ ಹಡಗು ಹೋಯಿತಂತೆ. ಕಲಾಲೂ ಸೊಪ್ಪು ಬಿಡಿಸುವುದಿತ್ತು. ನಾಲ್ಕು ಚಮಚ.

ಮಾರ್ಚ್ ೨೪, ಮಂಗಳವಾರ

ಅಜ್ಜಿ ತಾನಾಗಿ ಎದ್ದು ಅಡುಗೆಮನೆಗೆ ಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಮಡಕೆಗೆ ಥೈಮ್ ಸೊಪ್ಪು ಹಾಕಿದಳು. "ಇಷ್ಟು ದಿನ ಇದನ್ನ ತಿಂದು ಬದುಕಿದ್ದು ನನ್ನ ದೊಡ್ಡತನ," ಎಂದಳು. ಇಂಥ ಅವಮಾನ ನನಗೆ ಹಿಂದೆಂದೂ ಇಷ್ಟು ರುಚಿಸಿರಲಿಲ್ಲ.

ಅಮ್ಮ ಫೋನಿನಲ್ಲಿ, ಹಡಗಿನ ಕೆಲಸ ಏನಾಯಿತು ಎಂದು ಕೇಳಿದಳು. ತಾರೀಖು ಹೊಂದಲಿಲ್ಲ ಎಂದೆ. ಯಾಕೆ ಅಳುತ್ತಾಳೋ ಈ ಹೆಂಗಸು! ಫೋನಿನ ದುಡ್ಡು ದಂಡ.

ಏಪ್ರಿಲ್ ೬, ಈಸ್ಟರ್ ಸೋಮವಾರ

ಪರಮಪೂಜ್ಯ ಸನ್ನಿಧಾನಕ್ಕೆ ಅಂತಿಮ ವರದಿ.

ನಿನ್ನೆ ಮದರ್ ಯುಫೀಮಿಯಾ ಬಿಳಿ ಟೋಪಿಯಲ್ಲಿ ಮುಂದಿನ ಬೆಂಚಿಗೆ ಮರಳಿದಳು. ಟ್ಯಾಂಬೊರಿನ್ ಹಿಂದಿರುಗಿಸಿದಳು. ಪಾಸ್ಟರ್ ಬಕ್ನರ್ ಪುನರುತ್ಥಾನದ ಉಪದೇಶ ಉ–ದ್ದ ಎಳೆದರು. ಅಜ್ಜಿ ಒಮ್ಮೆ ಕೆಮ್ಮಿದಳು. ಪುಟ ಮಗುಚಿತು.

ಇವತ್ತು ಜಗುಲಿಯಲ್ಲಿ ಈಸ್ಟರ್ ಬನ್ನು, ಚೀಸು. ಪಂಥದ ನೇಮದಂತೆ ಚಿಕ್ಕಜ್ಜ ಚೀಸು ಮುಟ್ಟುವುದಿಲ್ಲ, ಬನ್ನನ್ನೂ ಅನುಮಾನದಿಂದ ಮೂಸುತ್ತಾನೆ.

"ತಿನ್ನೋ ಮಲಾಕಿ. ಹೆಣ್ಣುಮಗು ಮೊದ್ಲೇ ತಿಂದು ನೋಡಿದೆ, ಬದುಕಿದಾಳೆ."

"ಅವಳು ಕಲ್ಲು ತಿಂದ್ರೂ ಬದುಕ್ತಾಳೆ ಅತ್ತಿಗೆ."

ಖಾಲಿಯಾದ ಸಾಲಿನಲ್ಲಿ ಅವನು ಹೊಸ ಬೀಜ ಹಾಕಿದ್ದಾನೆ. ಅದರಲ್ಲಿ ಅರ್ಧ ಎಳೆಯದರಲ್ಲೇ ಕೊಯ್ಯುವುದಕ್ಕೆ ಎಂದು ಮಿಸ್ ಡೇಕರ್ಸ್‌ಗೆ ಹೇಳಿದ್ದಾನಂತೆ. ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿದ್ದನಂತೆ.

ಮಿಸ್ ಡೇಕರ್ಸ್ ಫೋನು ಮಾಡಿದ್ದರು. ಇಲಿಗಳಾಚೆಗೆ ಮನುಷ್ಯರ ಮೇಲೆ ಸರಿಯಾದ ಅಧ್ಯಯನ ಮಾಡಬೇಕೆಂದು ದೊಡ್ಡವರನ್ನು ಕೇಳುತ್ತಾರಂತೆ. "ಒಬ್ಬರ ಕತೆಯಿಂದ ಏನೂ ಸಾಬೀತಾಗಲ್ಲ, ಆದರೂ ಸರಿಯಾಗಿ ನೆನಪು ಮಾಡ್ಕೊಂಡು ಹೇಳು," ಎಂದರು. "ಜನವರಿಯಿಂದ ಈಚೆಗೆ, ಹನಿ ಬಿಟ್ರೆ ಮನೇಲಿ ಬೇರೇನಾದ್ರೂ ಬದಲಾಗಿದೆಯಾ?"

"ಏನೂ ಇಲ್ಲ ಮಿಸ್," ಎಂದೆ, ಬಲಗೈ ಎತ್ತಿ, ನ್ಯಾಯಾಧೀಶರ ಗಂಟಲಿನಲ್ಲಿ. "ಹಿಂದೆ ಹೆಂಗಿದ್ವೋ ಹಂಗೇ ಇದೀವಿ."

ಅಲ್ಲೇ ನಾಲಿಗೆ ಸ್ವಲ್ಪ ಚುರುಕ್ ಎಂದಿತು. ಮೊದಲ ಪುಟದಲ್ಲಿ ಆಣೆ ಮಾಡಿದ್ದೇನೆ, ಹಾಗಾಗಿ ಒಂದು ಚಿಕ್ಕ ವಿಷಯ, ಇಲ್ಲಿ ಮಾತ್ರ, ಬೇರೆ ಯಾರಿಗೂ ಬೇಡ: ಸ್ಕರ್ಟು ಕುಗ್ಗಿರಲಿಲ್ಲ. ನಿನ್ನೆ ಚರ್ಚಿಗೆ ಅಜ್ಜಿಯ ಹಳೆಯ ಲಂಗ ಹಾಕಿಕೊಂಡು ಹೋದೆ. ಆಸ್ಪತ್ರೆಯಲ್ಲಿ ಯಾರೂ ನೋಡದಾಗ ಅಜ್ಜಿಯನ್ನು ತೂಗುವ ತಕ್ಕಡಿಯ ಮೇಲೆ ಹತ್ತಿದ್ದೆ. ಒಂದೇ ತಟ್ಟೆಯಿಂದ ಉಂಡು ಅಜ್ಜಿ ಏರಿದ್ದಕ್ಕಿಂತ ನಾನು ಏರಿದ್ದೇ ಹೆಚ್ಚು.

ಆ ಬಾಟಲಿಯ ಒಂದು ಹನಿಯೂ ನನ್ನ ಬಾಯಿಗೆ ಬಿದ್ದಿಲ್ಲ.